ಗರಡಿ, ತಾಲೀಮು ಮತ್ತು ಅವುಗಳ ನೆಲ: ಕಲ್ಯಾಣ ಕರ್ನಾಟಕದ ಸಮುದಾಯ ಕ್ರೀಡಾಸಂಸ್ಥೆಯ ಒಂದು ಅವಲೋಕನ

ಕರ್ನಾಟಕದಲ್ಲಿ ಕ್ರೀಡಾಸಂಘಗಳ ಇತಿಹಾಸವನ್ನು ಕುರಿತ ಬರವಣಿಗೆ ಸಾಮಾನ್ಯವಾಗಿ ಬೆಂಗಳೂರಿನ ದಂಡು ಪ್ರದೇಶದಿಂದ ಆರಂಭವಾಗುತ್ತದೆ. 1868ರಲ್ಲಿ ಬ್ರಿಟಿಷ್ ಅಧಿಕಾರಿಗಳಿಗಾಗಿ ಹುಟ್ಟಿದ ಬೆಂಗಳೂರು ಕ್ಲಬ್, 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತೀಯರಿಗಾಗಿ ಕಟ್ಟಿದ ಸೆಂಚುರಿ ಕ್ಲಬ್ ಮೊದಲಾದವು ಈ ಕಥನದ ಮೈಲಿಗಲ್ಲುಗಳು. ಇವುಗಳಿಗೆ ಸದಸ್ಯರ ಪಟ್ಟಿಯಿದೆ, ನಡಾವಳಿ ಪುಸ್ತಕವಿದೆ, ಎಲ್ಲಕ್ಕಿಂತ ಮುಖ್ಯವಾಗಿ ನೆಲಕ್ಕೆ ಕಾಗದಪತ್ರವಿದೆ. ಆದ್ದರಿಂದಲೇ ಇವುಗಳ ಇತಿಹಾಸವನ್ನು ಬರೆಯುವುದು ಸುಲಭ. ಆದರೆ ಯಾದಗಿರಿ, ಶಹಾಪುರ, ಸುರಪುರ, ಕೊಂಕಲ್ ಸೀಮೆಯನ್ನು ಒಳಗೊಂಡ ಕಲ್ಯಾಣ ಕರ್ನಾಟಕದಲ್ಲಿ ಊರಿನ ಯುವಕರು ಒಂದೆಡೆ ಸೇರಿ ಹಲವು ಬಗೆಯ ದೇಹಸಾಧನೆ ನಡೆಸುತ್ತಿದ್ದ ಸಂಸ್ಥೆ ಕ್ಲಬ್ ಅಲ್ಲ, ಗರಡಿ. ಉರ್ದು ಪ್ರಭಾವದ ಪಟ್ಟಣಗಳಲ್ಲಿ ಅದಕ್ಕೆ ತಾಲೀಮು ಅಥವಾ ತಾಲೀಮುಖಾನೆ ಎಂದು ಹೆಸರು. ತಾಲೀಮುಖಾನೆಯ ‘ಖಾನೆ’ಯೂ ಇಂಗ್ಲಿಷರ ಜಿಮ್‌ಖಾನೆಯ ‘ಖಾನೆ’ಯೂ ಒಂದೇ ಪಾರಸಿ ಪದವೆಂಬುದು ಗಮನಾರ್ಹ. ಪದ ಒಂದೇ ಆದರೂ ನೆಲದ ಮೇಲಣ ಹಕ್ಕು ಒಂದೇ ಆಗಿರಲಿಲ್ಲ.

ಗರಡಿಯನ್ನು ಕೇವಲ ಕುಸ್ತಿಯ ಮನೆಯೆಂದು ತಿಳಿಯುವುದು ಸರಿಯಲ್ಲ. ಕುಸ್ತಿಯ ಜೊತೆಗೆ ದಂಡ, ಬಸ್ಕಿ, ಗದೆ ಮತ್ತು ಲೋಡು ತಿರುಗಿಸುವುದು, ಮಲ್ಲಕಂಬ, ಲಾಠಿ, ಕತ್ತಿವರಸೆ, ಗುಂಡುಕಲ್ಲು ಎತ್ತುವುದು ಇವೆಲ್ಲವೂ ಅಲ್ಲಿನ ಸಾಮುಗಳೇ. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನೋ ತುಂಬಿದ ಜೋಳದ ಚೀಲವನ್ನೋ ಎತ್ತುವ ಸ್ಪರ್ಧಾಳುಗಳು ಬರುತ್ತಿದ್ದುದೂ ಬಹುಮಟ್ಟಿಗೆ ಇಲ್ಲಿಂದಲೇ. ಈ ಬಹುಮುಖತೆ ಹೊಸದಲ್ಲ. ಇಂದಿನ ಬಸವಕಲ್ಯಾಣವನ್ನು ರಾಜಧಾನಿಯಾಗಿ ಹೊಂದಿದ್ದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, 1129ರ ಸುಮಾರಿನ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದ ಮಲ್ಲವಿನೋದ ಭಾಗವು ಮಲ್ಲರ ದರ್ಜೆ, ಆಹಾರ, ಸಾಧನೆಗಳನ್ನು ವಿವರಿಸುತ್ತದೆ. ಭಾರ ಎತ್ತುವ ಶ್ರಮ, ನಡಿಗೆಯ ಶ್ರಮ, ಈಜಿನ ಶ್ರಮ, ಕಂಬದ ಮೇಲಿನ ಶ್ರಮ ಇವು ಅಲ್ಲಿ ಬೇರೆ ಬೇರೆಯಾಗಿ ಹೇಳಲ್ಪಟ್ಟಿವೆ. ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಯಸ್, ಕೃಷ್ಣದೇವರಾಯನು ಬೆಳಗಿನ ಜಾವಕ್ಕೇ ಎಳ್ಳೆಣ್ಣೆ ಕುಡಿದು, ಮೈಗೆ ಎಣ್ಣೆ ಹಚ್ಚಿ, ಮಣ್ಣಿನ ಭಾರಗಳನ್ನು ಎತ್ತಿ, ಕತ್ತಿ ಬೀಸಿ, ತನ್ನ ಜಟ್ಟಿಯೊಬ್ಬನೊಡನೆ ಸೆಣಸುತ್ತಿದ್ದನೆಂದು ಬರೆದಿದ್ದಾನೆ. ಅದೇ ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರೂ ಇದ್ದರೆಂಬುದು ನೂನಿಜನ ಹೇಳಿಕೆ. ಮುಂದಿನ ಶತಮಾನಗಳ ಗರಡಿಗಳು ಸ್ತ್ರೀಯರಿಗೆ ಮುಚ್ಚಿದ ಬಾಗಿಲಾಗಿದ್ದುದನ್ನು ನೆನೆದರೆ ಈ ಮಾತಿನ ಮಹತ್ವ ತಿಳಿಯುತ್ತದೆ.

ಅರಮನೆಯ ಸಾಮು ಒಂದು ಬಗೆಯಾದರೆ ಓಣಿಯ ಸಾಮು ಇನ್ನೊಂದು. ಎರಡನೆಯದಕ್ಕೆ ಈ ಭಾಗದಲ್ಲಿ ದೊರೆಯುವ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಬೀದರ ನಗರದ್ದು. 15ನೆಯ ಶತಮಾನದಲ್ಲಿ ಬಹಮನಿ ರಾಜಧಾನಿಯಾದ ಈ ಕೋಟೆಯೂರಿನ ನಡುವೆ ಚೌಬಾರ ಎಂಬ ಎತ್ತರದ ದುಂಡು ಗೋಪುರವಿದೆ. ಅದರ ಸುತ್ತಲಿನ ಹಳೆಯ ಊರನ್ನು ನಾಲ್ಕು ತಾಲೀಮುಗಳ ಹೆಸರಿನಿಂದ ಗುರುತಿಸುವ ರೂಢಿಯಿದೆ: ಸಿದ್ದಿ ತಾಲೀಮ್, ಮನಿಯಾರ ತಾಲೀಮ್, ನೂರ್ ಖಾನ್ ತಾಲೀಮ್, ಪನ್ಸಾಲಿ ತಾಲೀಮ್. ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಬೀದರದ ಸ್ಮಾರಕಗಳ ಕುರಿತ ಗ್ರಂಥದಲ್ಲಿ ಇವುಗಳನ್ನು ದಾಖಲಿಸಿದ್ದಾರೆ. ಸಿದ್ದಿ ಎಂಬುದು ಆಫ್ರಿಕ ಮೂಲದ ಜನರ ಹೆಸರು, ಮನಿಯಾರ ಎಂಬುದು ಬಳೆಗಾರರ ಹೆಸರು. ಊರಿನ ಭಾಗಕ್ಕೆ ದೇವಾಲಯದಿಂದಲೋ ಪೇಟೆಯಿಂದಲೋ ಅಲ್ಲದೆ ವ್ಯಾಯಾಮಶಾಲೆಯಿಂದ ಹೆಸರು ಬಂದಿದೆ ಎಂಬುದೇ ಆ ಸಂಸ್ಥೆ ಓಣಿಯ ಬದುಕಿನಲ್ಲಿ ಪಡೆದಿದ್ದ ಸ್ಥಾನವನ್ನು ಹೇಳುತ್ತದೆ.

ಸುರಪುರದ ಕಡೆಗೆ ಬಂದರೆ ಸ್ಥಿತಿ ತುಸು ಬೇರೆ. ಬೇಡ ನಾಯಕರ ಈ ಸಂಸ್ಥಾನದಲ್ಲಿ ಆಯುಧಾಭ್ಯಾಸವು ವಿನೋದವಾಗಿರದೆ ವೃತ್ತಿಯಾಗಿತ್ತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯ ಅಡಗಿದ ಮೇಲೆ ಸಂಸ್ಥಾನ ಅಳಿಯಿತು; 1860ರಲ್ಲಿ ಆ ಸೀಮೆ ನಿಜಾಮನ ವಶವಾಯಿತು. ಮುಧೋಳದ ಬಳಿಯ ಹಲಗಲಿಯ ಬೇಡರು 1857ರಲ್ಲಿ ದಂಗೆಯೆದ್ದದ್ದು ನಿಶ್ಶಸ್ತ್ರೀಕರಣದ ವಿರುದ್ಧವೇ ಎಂಬುದನ್ನು ಇಲ್ಲಿ ನೆನೆಯಬೇಕು. ಆಯುಧ ಕೈತಪ್ಪಿದ ಮೇಲೆ ಗರಡಿಯಲ್ಲಿ ಉಳಿದದ್ದು ಮೈಯೊಂದೇ. ಕತ್ತಿವರಸೆ ಹಬ್ಬದ ಪ್ರದರ್ಶನಕ್ಕೆ, ಲಾಠಿ ಮೊಹರಮ್ಮಿನ ಮೆರವಣಿಗೆಗೆ ಸೀಮಿತವಾಗಿ, ಕುಸ್ತಿ ಮುನ್ನೆಲೆಗೆ ಬಂದದ್ದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳುವುದು ಸೂಕ್ತ.

ಇನ್ನು ನೆಲದ ವಿಚಾರ. ಗರಡಿಯ ಹೃದಯವೆಂದರೆ ಮಟ್ಟಿ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ ಮೊದಲಾದವನ್ನು ಬೆರೆಸಿ ಹದಗೊಳಿಸಿದ ಈ ಅಂಕಣವನ್ನು ದಿನವೂ ಅಗೆದು, ನೀರು ಚಿಮುಕಿಸಿ ಮೃದುವಾಗಿಡಬೇಕು. ಒಂದು ಹಂಗಾಮು ಕೈಬಿಟ್ಟರೆ ಅದು ಗಟ್ಟಿನೆಲವಾಗುತ್ತದೆ. ಅಗೆಯುವ ಕೆಲಸವೂ ಸಾಮಿನ ಭಾಗವೇ. ಹೊಸಬನಿಗೆ ವಸ್ತಾದನು ಮೊದಲು ಕೊಡುತ್ತಿದ್ದುದು ಪಟ್ಟನ್ನಲ್ಲ, ಗುದ್ದಲಿಯನ್ನು. ಹೀಗೆ ಮಟ್ಟಿಯು ಬಳಕೆಯಿಂದಲೇ ಉಳಿಯುವ ನೆಲ. ಅದರ ಒಡೆತನವೂ ಬಳಕೆಯಿಂದ ಬಂದದ್ದೇ ಹೊರತು ಪಟ್ಟಾದಿಂದಲ್ಲ. ಗ್ರಾಮಠಾಣಾದ ಒಂದು ಮೂಲೆ, ಗೌಡರ ವಾಡೆಯ ಹಿತ್ತಲು, ಹನುಮಂತನ ಗುಡಿಯ ಪಕ್ಕದ ಖಾಲಿ ಜಾಗ ಇವು ಓಣಿಯವರ ಒಪ್ಪಿಗೆಯಿಂದ ಗರಡಿಯಾದವು.

ಜಿಮ್‌ಖಾನೆಗಳ ದಾರಿ ಇದಕ್ಕೆ ವಿರುದ್ಧವಾದದ್ದು. ಮುಂಬಯಿಯಲ್ಲಿ 1885ರ ಪಾರ್ಸಿ ಜಿಮ್‌ಖಾನೆ, 1894ರ ಹಿಂದೂ ಜಿಮ್‌ಖಾನೆಗಳು ಸಮುದಾಯದ ಹೆಸರಿನಲ್ಲೇ ಹುಟ್ಟಿದರೂ ಸಮುದ್ರತೀರದ ಮೈದಾನಗಳನ್ನು ಸರ್ಕಾರದಿಂದ ಗೇಣಿಗೆ ಪಡೆದಿದ್ದವು. ಹಾಗೆಂದು ಅಲ್ಲಿ ನೆಲ ಎಲ್ಲರದಾಗಿತ್ತೆಂದಲ್ಲ. ಧಾರವಾಡದಲ್ಲಿ ಜನಿಸಿದ ದಲಿತ ಕ್ರಿಕೆಟಿಗ ಪಾಲ್ವಣ್ಕರ್ ಬಾಳೂ ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಅಂಕಣ ಹದಮಾಡುವ ಆಳಾಗಿದ್ದವರು. ಹಿಂದೂ ತಂಡದ ಪರವಾಗಿ ಆಡತೊಡಗಿದ ಮೇಲೂ ಅವರಿಗೆ ಚಹಾ ದೊರೆಯುತ್ತಿದ್ದುದು ಕಟ್ಟಡದ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರೂ ತಂಡದ ನಾಯಕತ್ವ ಅವರಿಗೆ ಬರಲಿಲ್ಲ. ಅದು 1923ರಲ್ಲಿ ತಮ್ಮ ವಿಠ್ಠಲರಿಗೆ ದೊರೆಯಿತು. ಗರಡಿಗಳೂ ಈ ದೋಷದಿಂದ ಮುಕ್ತವಾಗಿರಲಿಲ್ಲ. ಕೇರಿಗೊಂದು ಗರಡಿ ಎಂಬ ವ್ಯವಸ್ಥೆಯೇ ಬಹುಮಟ್ಟಿಗೆ ಜಾತಿಯ ಗಡಿಯನ್ನು ಅನುಸರಿಸಿದ್ದಿತು.

ಪಟ್ಟಾವಿಲ್ಲದ ನೆಲಕ್ಕೆ ಕುತ್ತು ಬಂದದ್ದು ಸ್ವಾತಂತ್ರ್ಯಾನಂತರ. ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತದಲ್ಲಿ ವಿಲೀನವಾಗಿ, 1949ರಲ್ಲಿ ಜಾಗೀರುಗಳು ರದ್ದಾದವು. ಪೈಲ್ವಾನರಿಗೆ ಹಾಲು, ಬಾದಾಮಿ, ತುಪ್ಪದ ಖರ್ಚು ಕೊಡುತ್ತಿದ್ದ ಮನೆತನಗಳ ಕೈ ಬಿಗಿಯಾಯಿತು. ಜಾಗೀರು ರದ್ದಾದದ್ದು ನ್ಯಾಯವೇ ಆಗಿತ್ತು, ಆದರೆ ಆ ಪೋಷಣೆಯ ಸ್ಥಾನವನ್ನು ತುಂಬುವ ಏರ್ಪಾಡು ತಕ್ಷಣಕ್ಕೆ ಆಗಲಿಲ್ಲ. 1960ರ ಸಂಘಗಳ ನೋಂದಣಿ ಕಾಯಿದೆಯ ನಂತರ ಅನುದಾನ ಕೇಳಲು ನೋಂದಾಯಿತ ಸಂಘ, ಲೆಕ್ಕಪತ್ರ, ಪದಾಧಿಕಾರಿಗಳು ಬೇಕಾದರು. 1972ರಲ್ಲಿ ನೆಹರೂ ಯುವ ಕೇಂದ್ರಗಳು ಆರಂಭವಾದಾಗ ಅವುಗಳೊಡನೆ ವ್ಯವಹರಿಸಿದ್ದು ಯುವಕ ಮಂಡಲಗಳೇ ವಿನಾ ವಸ್ತಾದರಲ್ಲ. ಇದೇ ಕಾಲದಲ್ಲಿ ಕುಸ್ತಿಯ ನೆಲವೂ ಬದಲಾಗುತ್ತಿತ್ತು. ಬೆಳಗಾವಿ, ಬಾಗಲಕೋಟೆ ಕಡೆಯ ಪೈಲ್ವಾನರ ಕನಸಾಗಿದ್ದ ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವ್, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಪರಿಚಿತವಾದ ಮ್ಯಾಟಿನ ಮೇಲೆ ಆಡಿ ಆರನೆಯವರಾದರು. 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಅಂದಿನಿಂದ ಮಟ್ಟಿ ಜಾತ್ರೆಯದು, ಮ್ಯಾಟು ಪದಕದ್ದು ಎಂಬ ಭೇದ ಬೆಳೆಯುತ್ತ ಹೋಯಿತು. ಮ್ಯಾಟನ್ನು ಹಾಸಲು ವಿಶಾಲವಾದ ಪಕ್ಕಾ ಕಟ್ಟಡ ಬೇಕು. ಅದು ಗಿಡ್ಡ ಬಾಗಿಲಿನ ಗರಡಿಯೊಳಗೆ ಹಿಡಿಯುವಂಥದಲ್ಲ.

ಗರಡಿಯ ನೆಲ ಎಲ್ಲಿ ಉಳಿದಿದೆ ಎಂಬುದನ್ನು ಪರಿಶೀಲಿಸಿದರೆ ಗುಡಿಯ ಆಸರೆ ಇದ್ದಲ್ಲಿ ಹೆಚ್ಚಾಗಿ ಉಳಿದಿರುವುದು ಕಂಡುಬರುತ್ತದೆ. ಹನುಮಂತನ ಮೂರ್ತಿ ಇರುವ ಜಾಗವನ್ನು ಅಂಗಡಿಗೋ ಮನೆಗೋ ಬಿಟ್ಟುಕೊಡಲು ಓಣಿಯವರು ಹಿಂಜರಿಯುತ್ತಾರೆ. ಇದರ ತುತ್ತತುದಿ ತುಳುನಾಡಿನಲ್ಲಿದೆ. ಅಲ್ಲಿ ಗರೋಡಿ ಎಂದರೆ ವೀರಾವಳಿಗಳಾದ ಕೋಟಿ ಚೆನ್ನಯರನ್ನು ಆರಾಧಿಸುವ ಸ್ಥಳ. ಮಂಗಳೂರಿನ ಕಂಕನಾಡಿ ಗರೋಡಿಯಂಥವು ವಿಸ್ತಾರವಾದ ಅಂಗಳ, ಆಡಳಿತ ಸಮಿತಿ, ವಾರ್ಷಿಕ ಉತ್ಸವಗಳಿಂದ ಸಮೃದ್ಧವಾಗಿವೆ. ಆ ವೀರರ ‘ಸುರಿಯ’ ಎಂಬ ಕಿರುಗತ್ತಿಯೂ ಅಲ್ಲಿ ಪೂಜೆಗೊಳ್ಳುತ್ತದೆ. ಅದನ್ನು ಬೀಸುವ ವರಸೆಯನ್ನು ಕಲಿಸುವ ಶಾಲೆಯಾಗಿ ಗರೋಡಿ ಉಳಿದಿಲ್ಲ.