ಮಾಸ್ಟೊಟರ್ಮಿಸ್ ಗೆದ್ದಲು ಮತ್ತು ಕ್ರಿಪ್ಟೊಸರ್ಕಸ್ ಜಿರಳೆ

ಮಾಸ್ಟೊಟರ್ಮಿಸ್ ಡಾರ್ವಿನಿಯೆನ್ಸಿಸ್ ಉತ್ತರ ಆಸ್ಟ್ರೇಲಿಯಾದ ಗೆದ್ದಲು ಪ್ರಭೇದ. ಕ್ರಿಪ್ಟೊಸರ್ಕಸ್ ಪಂಕ್ಚುಲೇಟಸ್ ಅಮೆರಿಕದ ಅಪಲೇಶಿಯನ್ ಪರ್ವತಗಳ ಜಿರಳೆ ಪ್ರಭೇದ. ಗೆದ್ದಲುಗಳು ಇರುವೆಗಳ ಬಂಧುಗಳಲ್ಲ, ಜಿರಳೆಗಳ ವಂಶದವೇ ಎಂಬುದನ್ನು 2007ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವು ದೃಢಪಡಿಸಿತು. ಕ್ರಿಪ್ಟೊಸರ್ಕಸ್ ಅವುಗಳ ಅತಿ ಸಮೀಪದ ಸಂಬಂಧಿ.

ಹೋಲಿಕೆಗಳು

ಎರಡೂ ಮರವನ್ನು ತಿನ್ನುತ್ತವೆ. ಕರುಳಿನಲ್ಲಿ ವಾಸಿಸುವ ಏಕಕೋಶ ಜೀವಿಗಳು ಸೆಲ್ಯುಲೋಸನ್ನು ಜೀರ್ಣಿಸಲು ನೆರವಾಗುತ್ತವೆ. ಇತರ ಗೆದ್ದಲುಗಳು ಸಾಮಾನ್ಯವಾಗಿ ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಡುತ್ತವೆ. ಮಾಸ್ಟೊಟರ್ಮಿಸ್ ಮಾತ್ರ ಜಿರಳೆಯಂತೆ ಮೊಟ್ಟೆಗಳನ್ನು ಎರಡು ಸಾಲುಗಳಲ್ಲಿ ಜೋಡಿಸಿ ಒಟ್ಟಾಗಿ ಇಡುತ್ತದೆ.

ವ್ಯತ್ಯಾಸಗಳು

ಗೆದ್ದಲಿನ ಸಮೂಹದಲ್ಲಿ ಸಂತಾನೋತ್ಪಾದಕ, ಸೈನಿಕ ಮತ್ತು ಕೆಲಸಗಾರ ವರ್ಗಗಳಿವೆ. ರೆಕ್ಕೆಯಿಲ್ಲದ ಈ ಜಿರಳೆಯಲ್ಲಿ ಅಂತಹ ವರ್ಗಗಳಿಲ್ಲ. ಕೊಳೆತ ಮರದೊಳಗೆ ತಂದೆ-ತಾಯಿ ಜೀರ್ಣಕಾರಿ ಸೂಕ್ಷ್ಮಜೀವಿಗಳಿರುವ ಗುದದ್ರವವನ್ನು ಉಣಿಸಿ, ಮರಿಗಳನ್ನು ವರ್ಷಗಟ್ಟಲೆ ಸಾಕುತ್ತವೆ. ಇಂತಹ ಕುಟುಂಬ ಜೀವನದಿಂದಲೇ ಗೆದ್ದಲುಗಳ ಸಮಾಜ ವಿಕಾಸಗೊಂಡಿರಬಹುದೆಂದು ವಿಜ್ಞಾನಿಗಳು ಭಾವಿಸುತ್ತಾರೆ.