ತಾವಾಗಿಯೇ ಹೇಳಿಕೊಳ್ಳುವ ಮಕ್ಕಳು

ಹದಿಹರೆಯದವರು ದಾರಿ ತಪ್ಪದಿರಲು ಹೆತ್ತವರ ಕಣ್ಗಾವಲೇ ಮದ್ದು ಎಂಬ ನಂಬಿಕೆಯನ್ನು, ಸ್ವೀಡನ್‌ನ 14 ವರ್ಷದ ಮಕ್ಕಳನ್ನು ಕುರಿತು ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ದಲ್ಲಿ ಪ್ರಕಟಿಸಿದ ಅಧ್ಯಯನವು ಬಲವಾಗಿ ಪ್ರಶ್ನಿಸಿತು. ಮಕ್ಕಳ ಓಡಾಟ, ಒಡನಾಟಗಳನ್ನು ಬಲ್ಲ ಹೆತ್ತವರ ಮನೆಗಳಲ್ಲಿ ದುರ್ನಡತೆ ಕಡಿಮೆಯೆಂಬುದು ಮೊದಲೇ ತಿಳಿದಿತ್ತು. ಆದರೆ ಆ ತಿಳಿವಳಿಕೆ ಮುಖ್ಯವಾಗಿ ವಿಚಾರಣೆಯಿಂದಲ್ಲ, ಮಕ್ಕಳ ಸ್ವಯಂನಿವೇದನೆಯಿಂದ, ಎಂದರೆ ಯಾರೂ ಒತ್ತಾಯಿಸದೆ ಅವರೇ ಹೇಳಿಕೊಂಡದ್ದರಿಂದ ಬಂದುದೆಂದು ಇವರು ತೋರಿಸಿದರು. ತಮ್ಮನ್ನು ಅತಿಯಾಗಿ ಹತೋಟಿಯಲ್ಲಿಡಲಾಗಿದೆ ಎಂಬ ಭಾವನೆಯಾದರೋ ಕೆಟ್ಟ ಹೊಂದಾಣಿಕೆಯೊಂದಿಗೇ ತಳಕು ಹಾಕಿಕೊಂಡಿತ್ತು. ತಪ್ಪು ಮಾಡುವ ಮಕ್ಕಳು ಸಹಜವಾಗಿಯೇ ವಿಷಯ ಮುಚ್ಚಿಡುತ್ತಾರೆ ಎಂಬ ಆಕ್ಷೇಪಕ್ಕೂ ಇಲ್ಲಿ ಅವಕಾಶವುಂಟು.

ಹಾಗೆಂದು ಮನೆಯ ನಿಯಮಗಳನ್ನು ಕೈಬಿಡಬೇಕಿಲ್ಲ. ಆವೇಗವನ್ನು ತಡೆದು ಪರಿಣಾಮವನ್ನು ತೂಗುವ ಮಿದುಳಿನ ಮುಂಭಾಗವು ಇಪ್ಪತ್ತರ ಹರೆಯದವರೆಗೂ ಬೆಳೆಯುತ್ತಲೇ ಇರುವುದರಿಂದ, ರಾತ್ರಿ ಮನೆ ಸೇರುವ ವೇಳೆ, ಮೊಬೈಲ್ ಬಳಕೆಗಳಿಗೆ ಕಾರಣ ತಿಳಿಸಿ ಹಾಕಿದ ಮಿತಿ ಅಗತ್ಯವೇ. ಆದರೆ ಸಿಗರೇಟು ಸೇದಿದೆನೆಂದು ಒಪ್ಪಿಕೊಂಡ ಮಗನಿಗೆ ಅಂದೇ ಏಟು ಬಿದ್ದರೆ ಅವನು ಮುಂದಿನದನ್ನು ಹೇಳುವುದಾದರೂ ಹೇಗೆ? ಮೊದಲು ಪೂರ್ತಿಯಾಗಿ ಕೇಳಿಸಿಕೊಂಡು, ಪರಿಣಾಮದ ಮಾತನ್ನು ಸಿಟ್ಟು ಇಳಿದ ಬಳಿಕ ಆಡುವುದು ಲೇಸು. ಖಿನ್ನತೆ, ಸ್ವಹಾನಿ, ವ್ಯಸನಗಳ ಸುಳಿವು ಕಂಡಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆ.