ಮರ ಹತ್ತಿದವನ ಹೆಸರೇನು?

ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡಬೇಕು. ತಡವಾದರೆ ಕೊಳೆರೋಗ ಕಾಯುವುದಿಲ್ಲ. ಇನ್ನಂಜೆ ಸುತ್ತಿನ ಸಣ್ಣ ಬೆಳೆಗಾರರಾದ ನಮಗೆ ಮರ ಹತ್ತುವವರು ಊರಿನಲ್ಲೇ ಸಿಗುವುದು ಕಷ್ಟವಾಗಿದೆ. ಗುತ್ತಿಗೆದಾರನಿಗೆ ಹೇಳುತ್ತೇವೆ, ಅವನು ತಂಡ ಕರೆತರುತ್ತಾನೆ, ಸಂಬಳವನ್ನು ಒಟ್ಟಾಗಿ ಅವನ ಕೈಗೇ ಕೊಡುತ್ತೇವೆ. ಮರದ ಮೇಲಿರುವವನ ಹೆಸರನ್ನೂ ನಾವು ಕೇಳಿರುವುದಿಲ್ಲ.

ಈ ಪದ್ಧತಿ ಹೊಸದೇನಲ್ಲ. ಹಿಂದೆ ನಮ್ಮ ಜಿಲ್ಲೆಯ ಜನ ಮೇಸ್ತ್ರಿಯಿಂದ ಮುಂಗಡ ಪಡೆದು ಘಟ್ಟದ ಮೇಲಿನ ಕಾಫಿ ತೋಟಗಳಿಗೆ ಹೋಗುತ್ತಿದ್ದರು. ಮುಂಗಡ ಪಡೆದು ಕೆಲಸಕ್ಕೆ ತಪ್ಪಿದವನನ್ನು ಜೈಲಿಗೆ ಕಳುಹಿಸಲು 1859ರ ಕಾಯ್ದೆಯೊಂದು ಆಸ್ಪದ ಕೊಟ್ಟಿತ್ತು. ಸ್ವಾತಂತ್ರ್ಯಾನಂತರ ಕಾನೂನಿನ ದೃಷ್ಟಿ ಬದಲಾಯಿತು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಪ್ರಕಾರ ಗುತ್ತಿಗೆದಾರನು ಕೂಲಿ ಕೊಡದೆ ಹೋದರೆ ಕೆಲಸ ಮಾಡಿಸಿಕೊಂಡ ಮಾಲಿಕನೇ ಕೊಡಬೇಕಾಗಿತ್ತು. 20ಕ್ಕಿಂತ ಕಡಿಮೆ ಮಂದಿ ಇರುವಲ್ಲಿಗೆ ಅದು ಅನ್ವಯಿಸುತ್ತಿರಲಿಲ್ಲ. 2020ರ ಸಂಹಿತೆಯಲ್ಲಿ ಈ ಮಿತಿ 50.

ನಾಲ್ಕೈದು ಮಂದಿಯ ನಮ್ಮ ತೋಟ ಈ ಲೆಕ್ಕಕ್ಕೆ ಬಾರದೆಂಬುದು ನಿಜ. ಆದರೆ ಕಾಲು ಜಾರಿದವನು ಬೀಳುವುದು ನಮ್ಮ ತೋಟದಲ್ಲೇ. ಆದುದರಿಂದ ತಂಡ ಬಂದೊಡನೆ ಪ್ರತಿಯೊಬ್ಬರ ಹೆಸರು, ಊರು, ಮನೆಯವರ ಫೋನ್ ಸಂಖ್ಯೆ ಬರೆದಿಡೋಣ. ಬಟವಾಡೆ ಎಲ್ಲರ ಎದುರಿನಲ್ಲೇ ಆಗಲಿ. ಬ್ಯಾಂಕ್ ಖಾತೆಯಿರುವ 18ರಿಂದ 70 ವಯಸ್ಸಿನವರಿಗೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ಅಪಘಾತದಿಂದ ಮರಣವಾದರೆ ಮನೆಯವರಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಅದನ್ನು ಮಾಡಿಸಿದ್ದಾರೆಯೇ ಎಂದು ಮೊದಲೇ ವಿಚಾರಿಸೋಣ. ಮರ ಒದ್ದೆಯಿರುವಾಗ ಹತ್ತಿಸುವ ಅವಸರ ಬೇಡ. ಒಂದು ದಿನ ಕಾದರೆ ಕೆಲವು ಗೊನೆ ಹೋದೀತು, ಅಷ್ಟೇ.